ಇಳಕಲ್ಲಿನ ಹೂ, ಮರೋಳದ ಬಳ್ಳಿ

ಮರೋಳ
೧೨ ಜನವರಿ ೨೦೨೫

ಗೆಳತಿ ಅಂಬವ್ವನಿಗೆ ರಂಗವ್ವ ಮಾಡುವ ಶರಣು.

ನೀ ಫೋನು ಮಾಡಿದಾಗೆಲ್ಲ "ಆಮ್ಯಾಲೆ ಮಾತಾಡ್ತೇನಿ" ಎಂದು ಜಾರಿಕೊಂಡಿದ್ದಕ್ಕೆ ಬೈಯಬೇಡ. ಈ ಸುದ್ದಿ ಕೂತು ಬರೆಯುವಂಥದ್ದು. ನಮ್ಮ ಕುಂಬಳವನ್ನು ತೂಗಿದೆವು. ಎಂಬತ್ತೆರಡು ಕಿಲೋ.

ಹತ್ತಿ ತೂಗುವ ಕಾಟಾ ತಂದಿದ್ದ ಯುನೂಸಣ್ಣ ಎರಡೆರಡು ಸಲ ನೋಡಿ, "ವೈನಿ, ಇದು ಕಾಯಿ ಅಲ್ರಿ, ಎಮ್ಮಿ ಕರಾ" ಎಂದ. ಅಮೀನಗಡದಿಂದ ಕರದಂಟು ತಂದು ಓಣಿಗೆಲ್ಲ ಹಂಚಿದವನೂ ಅವನೇ. ನಾನಂತೂ ಹಡೆದವಳ ಹಾಗೆ ಬೀಗುತ್ತ ಕೂತಿದ್ದೆ.

ಇಳಕಲ್ಲಿನ ನಿನ್ನ ಹಿತ್ತಲಿನ ಕುಂಬಳ ನೋಡಲು ದೊಡ್ಡದು, ಒಳಗೆ ಟೊಳ್ಳು. ನಮ್ಮದು ಗಿಡ್ಡ, ತಿರುಳು ಮಾತ್ರ ದಪ್ಪ. ಹೋದ ವರ್ಷ ನೀ ಕೊಟ್ಟ ಬೀಜದ ಬಳ್ಳಿಯಿಂದ ಗಂಡು ಹೂ ಕಿತ್ತು ನಮ್ಮ ಬಳ್ಳಿಯ ಹೆಣ್ಣು ಹೂವಿಗೆ ಸವರಿದೆನಲ್ಲ, ಜೇನುಹುಳ ನಡುವೆ ಬಾರದಿರಲೆಂದು ನಿಮ್ಮ ಮಗ್ಗದ ಕೆಂಪು ರೇಷ್ಮೆ ಎಳೆಯಿಂದ ಹೂವಿನ ಬಾಯಿ ಕಟ್ಟಿದ್ದೆ. "ಬಳ್ಳಿಗೂ ಲಗ್ನಾ ಮಾಡಾಕತ್ತೀಯೇನ?" ಎಂದು ನಮ್ಮವರು ನಕ್ಕಿದ್ದೇ ನಕ್ಕಿದ್ದು. ಆ ಕಾಯಿ ತಾಯಿಯ ಹಾಗೆ ಗಿಡ್ಡವೇ ಆದಾಗ ಇನ್ನಷ್ಟು ನಕ್ಕರು. ಅದರ ಬೀಜವನ್ನು ಈ ವರ್ಷ ಬಿತ್ತಿ, ಬಳ್ಳಿಗೆ ಒಂದೇ ಕಾಯಿ ಉಳಿಸಿದೆವು. ಅದು ದಿನದಿನಕ್ಕೆ ಉಬ್ಬತೊಡಗಿದ ಮೇಲೆ ಅವರ ನಗು ನಿಂತಿತು. ನನ್ನ ಹಳೆಯ ಸೀರೆಯಿಂದ ಅದಕ್ಕೆ ನೆರಳು ಕಟ್ಟಿದವರೂ ಅವರೇ, ಬೆಳಗೆದ್ದು ಅದರ ಬೆನ್ನು ತಟ್ಟಿ ಬರುವವರೂ ಅವರೇ. ಇನ್ನು ಮೇಲೆ ನಾನೂ ನೀನೂ ಬೀಗತಿಯರು, ತಿಳಿದುಕೋ.

ಈಗ ಒಡೆದು ಬೀಜ ತೆಗೆಯಬೇಕು. ತಡವಾದರೆ ಅವು ಒಳಗೇ ಮೊಳೆತು, ಈ ತಳಿ ಇಲ್ಲಿಗೇ ಮುಗಿಯುತ್ತದೆ. ನಿನಗೆ ಗೊತ್ತೇ ಇದೆ, ಕುಂಬಳ ಹಿರಿಮಗನ ಸಮಾನ, ಹೆಂಗಸರು ಮೊದಲ ಏಟು ಹಾಕಬಾರದು. ನಮ್ಮವರೋ ಕುಡಗೋಲು ಮಸೆಯುತ್ತಾರೆ, ನಾಳೆ ಎನ್ನುತ್ತಾರೆ, ಮತ್ತೆ ಜಂತಿಗೆ ಸಿಕ್ಕಿಸುತ್ತಾರೆ. ಬರುವ ರವಿವಾರ ನಿಮ್ಮ ಯಜಮಾನರು ಹುಚ್ಚೇಶಣ್ಣನನ್ನು ಕರೆದುಕೊಂಡು ಬಾ. ತಿರುಳು ತುರಿದು, ಬೆಲ್ಲ ಹಾಕಿ ಗಾರಿಗೆ ಕರಿಯೋಣ. ನಿನ್ನ ಮಗಳು ಪ್ರಿಯದರ್ಶಿನಿಯೂ ಬರಲಿ. ದೇವರು ಬೀರಪ್ಪ ಅವಳನ್ನು ತಣ್ಣಗಿಟ್ಟಿರಲಿ.

ನಿನ್ನ
ರಂಗವ್ವ

ತಾ.ಕ.: ನಿನ್ನೆ ನಮ್ಮವರನ್ನು ಗದರಿಸಿಬಿಟ್ಟೆ. ಕುಡಗೋಲು ಕೆಳಗಿಟ್ಟು, "ಹಿರಿಮಗಾ ಅಂತಾರಲ್ಲ, ನನ್ನ ಕೈ ಏಳವಲ್ದು" ಎಂದರು. ಇಪ್ಪತ್ತು ವರ್ಷದಲ್ಲಿ ಅವರು ನಮ್ಮ ಕೂಸಿನ ಮಾತು ತೆಗೆದದ್ದು ಇದೇ ಮೊದಲು. ಅಂದು ಹುನಗುಂದದ ದವಾಖಾನೆಯಲ್ಲಿ ಪಕ್ಕದ ಮಂಚದ ಬಾಣಂತಿ ನೀನು, ನನಗೆ ಆಗ ಎಚ್ಚರವಿರಲಿಲ್ಲ. ಅವನು ಉಸಿರಾಡಿದಷ್ಟು ಹೊತ್ತೂ ನಿನ್ನ ಕೈಯಲ್ಲೇ ಇದ್ದ, ನಾನು ಎತ್ತಿಕೊಳ್ಳಲೇ ಇಲ್ಲ. ಮೊದಲ ಏಟು ಹುಚ್ಚೇಶಣ್ಣ ಹಾಕಲಿ. ಬೀಜ ಮಾತ್ರ ನಿನ್ನ ಕೈಯಿಂದಲೇ ತೆಗೆದು, ಈ ಸಲ ನನ್ನ ಉಡಿಗೆ ಹಾಕು.