ಹೆಸರಿನಲ್ಲಿ ಇಲ್ಲದ ಶೇಂಗಾ

ಕುಲಗೋಡ
೧೨-೧೨-೨೦೨೪, ಗುರುವಾರ

ಮಗಳೇ ಶೋಭಾ,

ನಾನು ಗಟ್ಟಿಯಾಗಿದ್ದೇನೆ. ನೀನು, ಅಳಿಯ ಕಾಶಿನಾಥ, ಕೂಸು ವಿದ್ಯಾ ಹೇಗಿದ್ದೀರಿ? ಕಣಗಲಾದಿಂದ ನಿನ್ನ ಪತ್ರ ಬಂದು ಹತ್ತು ದಿನವಾಯಿತು. ತಡವಾಯಿತೆಂದು ಮುಖ ಊದಿಸಬೇಡ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಒಂದು ಸಾಲು ಬರೆಯುವಷ್ಟರಲ್ಲಿ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಶೇಂಗಾ ಯಾವ ಯಾವ ಅಡಿಗೆಯಲ್ಲಿರುತ್ತದೆ, ಎಲ್ಲದರ ಹೆಸರು ಬರೆದು ಕಳಿಸು, ಗೋಡೆಗೆ ಅಂಟಿಸುತ್ತೇನೆ ಎಂದು ಕೇಳಿದ್ದೀಯ. ಹೋಳಿಗೆ, ಹಿಂಡಿ, ಉಂಡಿ ಎಂದು ಶುರು ಮಾಡಿದೆ. ಶೇಂಗಾ ಹೋಳಿಗೆಯಲ್ಲಿ ಶೇಂಗಾ ಇದೆ ಎಂದು ಕುರುಡನಿಗೂ ಗೊತ್ತು. ಹೆಸರಿನಲ್ಲಿ ಇಲ್ಲದ್ದೇ ಕೊಲ್ಲುವುದು. ಎಣ್ಣೆಗಾಯಿ, ಹೀರೇಕಾಯಿ ಪಲ್ಯ, ಮೆಂತ್ಯದ ಪಲ್ಯ, ಸೌತೆಕಾಯಿ ಪಚಡಿ, ಸಾಬುದಾಣಿ ಕಿಚಡಿ, ಅವಲಕ್ಕಿ, ಚೂಡಾ. ಬರೆಯುತ್ತ ಹೋದಂತೆ ಹಾಳೆಯೇ ತುಂಬಿತು. ಹುರಿದು ಕುಟ್ಟಿದ ಶೇಂಗಾ ಪುಡಿ ಬೀಳದ ಪಾತ್ರೆಯೇ ನಮ್ಮಲ್ಲಿ ಇಲ್ಲವಲ್ಲ!

ಅಂಗಡಿಯ ಸತ್ತೆಪ್ಪನಿಗೆ ಕರಿದ ಖಾರದ ತಿಂಡಿ ಫರಸಾಣದ ಪ್ಯಾಕೆಟ್ ಓದಲು ಹೇಳಿದೆ.

"ತಿನ್ನೋ ಎಣ್ಣಿ ಅಂತ ಬರದಾರ ನೋಡ್ರಿ ಆಯಿ."

"ಯಾವ ಎಣ್ಣಿ?"

"ಅದು ಬರದಿಲ್ಲ. ನಾ ಏನ ಇದರ ಮಾಲಕ ಏನ್ರಿ?"

"ಗೊತ್ತಿಲ್ಲಂದ್ರ ಮಾರಬ್ಯಾಡ" ಎಂದು ಪ್ಯಾಕೆಟ್ ಒಗೆದು ಬಂದೆ.

ಹೋದ ತಿಂಗಳು ಆದದ್ದು ಕಣ್ಣಿನಿಂದ ಹೋಗುತ್ತಿಲ್ಲ. ಕೂಸಿಗೆ ಶೇಂಗಾ ಅಂದರೆ ವಿಷ ಎಂದು ಗೋಕಾಕದ ಡಾಕ್ಟರು ಹೇಳಿ ಆಗಲೇ ವರ್ಷವಾಗಿತ್ತು. ನೀನು ಕೂಸನ್ನು ನನ್ನ ಹತ್ತಿರ ಬಿಟ್ಟು ಹೋದ ಮರುದಿನ ಬಾಜೂಮನೆಯ ಉದ್ದವ್ವ ಬದನೆಕಾಯಿ ಪಲ್ಯ ತಂದಳು. "ಶೇಂಗಾ ಹಾಕೀ ಏನ?" ಎಂದು ಕೇಳಿದೆ. "ಒಂದ ಕಾಳೂ ಹಾಕಿಲ್ಲಕ್ಕಾ" ಎಂದಳು. ನಾಲ್ಕು ತುತ್ತಿಗೆ ಕೂಸಿನ ತುಟಿ ಊದಿತು, ಉಸಿರು ಸೀಟಿ ಹೊಡೆಯಿತು. ಗೋಕಾಕ ಮುಟ್ಟುವ ತನಕ ಆಟೋದಲ್ಲಿ ಅದರ ಮೂಗಿನ ಮುಂದೆ ಬೆರಳು ಹಿಡಿದುಕೊಂಡೇ ಕೂತಿದ್ದೆ.

ತಿರುಗಿ ಬಂದು ಓಣಿಯವರೆದುರೇ ಉದ್ದವ್ವನಿಗೆ ಬಾಯಿಗೆ ಬಂದಂತೆ ಬೈದೆ. "ಪುಡಿ ಹಾಕಿದ್ದೆ ಅಕ್ಕಾ. ಪುಡಿನ ಯಾರರೆ ಶೇಂಗಾ ಅಂತ ಹಿಡೀತಾರೇನ? ಪಲ್ಯಾ ಅಂದಮ್ಯಾಲ ಇರೂದ!" ಎಂದು ಅತ್ತಳು. ಅಂದಿನಿಂದ ಅವಳು ನನ್ನ ಹೊಸಿಲು ತುಳಿದಿಲ್ಲ.

೧೬ರ ಸೋಮವಾರದಿಂದ ನನ್ನ ಕೆಲಸ ಶುರು, ವಿದ್ಯಾಳನ್ನು ನಿನ್ನ ಹತ್ತಿರವೇ ಬಿಡುತ್ತೇನೆ, ನಿನ್ನಷ್ಟು ಜೋಪಾನ ಮಾಡುವವರು ಯಾರಿದ್ದಾರೆ ಎಂದು ಬರೆದಿದ್ದೀಯ. ಆ ಸಾಲು ಓದಿದಾಗಿನಿಂದ ಊಟ ಸೇರುತ್ತಿಲ್ಲ. ಡಬ್ಬಿಗಳನ್ನೆಲ್ಲ ತಿಕ್ಕಿದ್ದೇನೆ, ಒರಳು ತೊಳೆದಿದ್ದೇನೆ, ಪುಡಿಯ ಡಬ್ಬಿಯನ್ನು ಮನೆಯಿಂದಲೇ ಹೊರಗೆ ಹಾಕಿದ್ದೇನೆ. ಆದರೂ ನಿನ್ನೆ ಪಲ್ಯಕ್ಕೆ ಉಪ್ಪು ಹಾಕಿದ ಕೈ ತನ್ನಷ್ಟಕ್ಕೆ ತಾನೇ ಆ ಖಾಲಿ ಜಾಗಕ್ಕೆ ಹೋಯಿತು. ನನ್ನ ಕೈ ನೋಡಿ ನಾನೇ ಹೆದರಿದೆ.

ನೀವು ಉಂಡ ಅನ್ನ ನಿಮ್ಮ ಮೈಗೆ ಹತ್ತಲಿ. ಬಸವಣ್ಣ ಮೂವರನ್ನೂ ಕಾಯಲಿ.

ನಿನ್ನ ಅವ್ವ,
ಶಿವಗಂಗವ್ವ

ತಾ. ಕ.: ಉದ್ದವ್ವ ಪಲ್ಯ ಇಟ್ಟು ಹೋದ ಮೇಲೆ ನಾನು ರುಚಿ ನೋಡಿದ್ದೆ. ಪುಡಿ ಇದೆ ಎಂದು ನಾಲಿಗೆಗೆ ತಿಳಿಯಿತು. ನಾಲ್ಕು ಮಕ್ಕಳನ್ನು ಇದೇ ಉಣಿಸಿ ಬೆಳೆಸಿದ್ದೇನೆ, ಚಿಟಿಕೆಯಷ್ಟಕ್ಕೆ ಏನಾಗುತ್ತದೆ, ಡಾಕ್ಟರು ಸುಮ್ಮನೆ ಹೆದರಿಸುತ್ತಾರೆ ಎಂದುಕೊಂಡು ರೊಟ್ಟಿಗೆ ಹಚ್ಚಿ ಕೊಟ್ಟೆ. "ಆಯೀ, ಬಾಯಿ ತುರಸಾಕತ್ತೈತಿ" ಎಂದಿತು ಕೂಸು. "ನಾಟಕ ಮಾಡಬ್ಯಾಡ, ನುಂಗು" ಎಂದು ಇನ್ನೊಂದು ತುತ್ತು ಇಟ್ಟೆ. ಇದನ್ನು ಇನ್ನೂ ಯಾರಿಗೂ ಹೇಳಿಲ್ಲ. ಸೋಮವಾರ ವಿದ್ಯಾಳನ್ನು ಕರೆದುಕೊಂಡು ಬರಬೇಡ.