ಅರಮನೆಯಲ್ಲಿ ಅಪ್ಪ ಕೈ ಹಿಡಿದದ್ದು

ಲೇಡೀಸ್ ಹಾಸ್ಟೆಲ್, ಮಾನಂತವಾಡಿ
9 ಜನವರಿ 2026, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯಾ? ಬೆನ್ನು ನೋವು ಕಮ್ಮಿ ಆಯ್ತಾ? ನೀನು ನೋಡ್ಕೊಳ್ಳೋ ಆ ಇಂಗ್ಲಿಷ್ ಅಜ್ಜಿಯನ್ನು ಹಾಸಿಗೆಯಿಂದ ಒಬ್ಬಳೇ ಎತ್ತಬೇಡ, ಇನ್ನೊಬ್ಬರು ಸಿಸ್ಟರ್ ಬರೋವರೆಗೆ ಕಾಯು. ನಾನು ಚೆನ್ನಾಗಿದ್ದೀನಿ ಅಂತ ಬರೀಬೇಕು, ಆದ್ರೆ ಬುಧವಾರ ಇಂಟರ್ನಲ್ ಎಕ್ಸಾಮ್, ಪುಸ್ತಕ ತೆಗೆದ್ರೆ ಒಂದು ಸಾಲೂ ತಲೆಗೆ ಹೋಗ್ತಿಲ್ಲ. ಇದನ್ನು ಕನ್ನಡದಲ್ಲಿ ಬರೀತಿರೋದು ರೂಮ್‌ಮೇಟ್ ಸಜಿತ ಓದಬಾರದು ಅಂತ. ಐದನೇ ಕ್ಲಾಸಿಂದ ಹಾಸ್ಟೆಲಲ್ಲಿ ಮಲಯಾಳಂ, ಇಂಗ್ಲಿಷ್ ಅಂತಲೇ ಬೆಳೆದೆ; ಒತ್ತಕ್ಷರ ತಪ್ಪಿದ್ರೆ ಬೈಬೇಡ. ಫೋನಲ್ಲಿ ಹೇಳೋಣ ಅಂದ್ರೆ ನೀನು ಪ್ರತಿಸಲ ಅಪ್ಪನನ್ನೂ ಲೈನಿಗೆ ಸೇರಿಸ್ತೀಯ. ಇದು ಅಪ್ಪನ ವಿಷಯ. ನಿನ್ನ ಜೊತೆ ಕೆಲಸ ಮಾಡೋ ಅಂಬಿಳಿ ಚೇಚಿ ರಜೆ ಮುಗಿಸಿ ಭಾನುವಾರ ನಿಮ್ಮ ಊರಿಗೆ ವಾಪಸ್ ಬರ್ತಾರಲ್ಲ, ಅವರ ಕೈಲಿ ಕಳಿಸ್ತೀನಿ.

ಹೋದ ಮೇ ತಿಂಗಳಲ್ಲಿ ಅಪ್ಪ, ನಾನು ಇಬ್ಬರೂ ವಿಮಾನ ಹತ್ತಿ ನಿನ್ನ ಹತ್ರ ಬಂದಾಗ, ನಿನಗೆ ಸಿಕ್ಕಿದ ಒಂದೇ ಒಂದು ರಜೆ ದಿನ ಆ ಅರಮನೆಗೆ ಹೋಗಿದ್ವಲ್ಲ, ಆ ದಿನ ನೆನಪು ಮಾಡ್ಕೋ. ಒಳಗೆ ಪರದೆ ಎಳೆದ ಕತ್ತಲೆ ಕೋಣೆಗಳಲ್ಲಿ ಅಪ್ಪ ನಿನ್ನ ಕೈ ಬಿಡಲೇ ಇಲ್ಲ. ನೀನು ನಕ್ಕುಬಿಟ್ಟೆ, "ಮದುವೆ ದಿನ ಕೈ ಹಿಡಿಯೋಕೆ ನಾಚಿಕೊಂಡವರು ಇವತ್ತು ರಾಣಿ ಮಲಗೋ ಕೋಣೇಲಿ ಹಿಡ್ಕೊಂಡ್ರಲ್ಲ" ಅಂತ. ಆಮೇಲೆ ಹಗ್ಗ ಕಟ್ಟಿದ ಕಂಬಕ್ಕೆ ಎರಡು ಸಲ ಎಡವಿದ್ರು, ಕಾವಲಿನ ಹೆಂಗಸು ಓಡಿ ಬಂದಳು. ಹೊಸ ಶೂ ಕಚ್ತಿದೆ ಅಂದ್ರು ಅಪ್ಪ. ಶೂ ಕೊಡಿಸಿದವಳು ನೀನು, ಪಾಪ, ಒಂದು ಸೈಜ್ ದೊಡ್ಡದು ತರಬೇಕಿತ್ತು ಅಂತ ದಾರಿಯುದ್ದಕ್ಕೂ ಪೇಚಾಡಿದೆ. ಶೂ ಸರಿಯಾಗೇ ಇತ್ತಮ್ಮ. ನೀನು ಟೀಗೆ ಕ್ಯೂ ನಿಂತಿದ್ದಾಗ ಅಪ್ಪ ತೋಟದ ದಾರಿಯಲ್ಲಿ ನೇರ ನಡೆದು ಹೋಗಿ ಕೊಳಕ್ಕೇ ಕಾಲಿಟ್ಟರು. ನಾನು ಹಿಂದಿನಿಂದ ಶರ್ಟ್ ಹಿಡಿದು ಎಳೆಯದಿದ್ರೆ ಮುಗ್ಗರಿಸಿ ಬೀಳ್ತಿದ್ರು. ಬೆಂಚಿನ ಮೇಲೆ ಕೂತು ಕಾಲುಚೀಲ ಹಿಂಡ್ತಾ ಹೇಳಿದ್ರು, "ನೇರ ನೋಡಿದ್ರೆ ಕಾಣುತ್ತೆ ಮಗಾ. ಪಕ್ಕದ್ದು ಕಾಣಲ್ಲ, ಕಾಲ ಬುಡದ್ದು ಕಾಣಲ್ಲ. ಎರಡು ವರ್ಷ ಆಯ್ತು. ನಿಮ್ಮಮ್ಮಂಗೆ ಹೇಳ್ಬೇಡ, ಕೆಲಸ ಬಿಟ್ಟು ಬಂದ್ಬಿಡ್ತಾಳೆ." ನೀನು ಟೀ ತಂದು ಒದ್ದೆ ಪ್ಯಾಂಟ್ ನೋಡಿ ಕೇಳಿದಾಗ, ಬಾತುಕೋಳಿ ಹಿಡಿಯೋಕೆ ಹೋಗಿದ್ದೆ ಅಂದ್ರು. ಟೀ ಚೆಲ್ಲೋ ಹಾಗೆ ನಕ್ಕೆ ನೀನು. ನಾನೂ ನಕ್ಕೆ. ಅದೇ ನನ್ನ ತಪ್ಪು.

ನಮ್ಮೂರು ಮುಳ್ಳನ್‌ಕೊಲ್ಲಿಯಲ್ಲಿ ಇದು ಯಾರಿಗೂ ಗೊತ್ತಾಗಲ್ಲ. ನಮ್ಮ ತೋಟದ ಒಂದೊಂದು ಗುಂಡಿಯೂ ಅಪ್ಪನ ಕಾಲಿಗೇ ಗೊತ್ತು. ಮೊದಲ ಸಲ ಕಾಲಿಟ್ಟ ಜಾಗ ಆದ್ದರಿಂದ ಅರಮನೆಯಲ್ಲಿ ಸಿಕ್ಕಿಬಿದ್ರು. ಕಣ್ಣಾಸ್ಪತ್ರೆಗೆ ಹೋಗೋಣ ಅಂತ ಓಣಂ ರಜೆಯಲ್ಲಿ ಕೇಳಿದೆ, ಕ್ರಿಸ್‌ಮಸ್ ರಜೆಯಲ್ಲೂ ಕೇಳಿದೆ. ಮೆಣಸು ಕೊಯ್ಲು ಮುಗೀಲಿ ಅಂತಾರೆ. ಆ ಕೊಯ್ಲೇ ನನಗೆ ಭಯ. ಗುರುವಾರ ಶುರು. ಎಲ್ಲ ವರ್ಷದ ಹಾಗೆ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗೆ ತಾವೇ ಹತ್ತೋದಂತೆ, ಆ ಒಂಟಿ ಬಿದಿರಿನ ಏಣಿಯಲ್ಲಿ. ಕೆಳಗೆ ನಿಂತು ನೋಡೋಕೇ ತಲೆ ತಿರುಗುತ್ತೆ. ನೀನು ಹೇಳಿದ್ರೆ ಮಾತ್ರ ಕೇಳ್ತಾರೆ. ಆದ್ರೆ ನಾನು ಹೇಳಿದೆ ಅನ್ನಬೇಡ ಅಮ್ಮಾ, ಮಾತು ಕೊಟ್ಟಿದ್ದೀನಿ. ಅರಮನೆಯ ಫೋಟೋ ನೋಡ್ತಾ ನಿನಗೇ ಗೊತ್ತಾಯ್ತು ಅನ್ನು. ಎಲ್ಲ ಫೋಟೋದಲ್ಲೂ ಅಪ್ಪ ಯಾರದ್ದಾದ್ರೂ ತೋಳು ಹಿಡಿದೇ ನಿಂತಿದ್ದಾರೆ, ನೋಡು.

ಚಳಿ ಜಾಸ್ತಿ ಅಂತೆ, ಕಿವಿ ಮುಚ್ಕೊಂಡು ಡ್ಯೂಟಿಗೆ ಹೋಗು. ಆ ಅಜ್ಜಿಗೂ ನನ್ನ ನಮಸ್ಕಾರ ಹೇಳು.

ನಿನ್ನ ಮಗಳು,
ನಿಷ

ತಾ.ಕ.: ಅಮ್ಮಾ, ಈಗಷ್ಟೇ ನಮ್ಮ ತೋಟದ ಕೆಲಸದ ಶಿಜು ಚೇಟ್ಟ ಫೋನ್ ಮಾಡಿದ್ರು. ಅಪ್ಪ ಗುರುವಾರದವರೆಗೆ ಕಾಯಲಿಲ್ಲ, ಇವತ್ತು ಬೆಳಿಗ್ಗೆಯೇ ಹತ್ತಿದ್ದಾರೆ. ಇಳಿಯುವಾಗ ನೆಲ ಬಂತು ಅಂದ್ಕೊಂಡು ಕಾಲು ಬಿಟ್ಟರಂತೆ, ಇನ್ನೂ ಎರಡು ಮೆಟ್ಟಿಲು ಇತ್ತು. ಮಣಿಕಟ್ಟು ಊದಿದೆ, ಬೇರೇನೂ ಆಗಿಲ್ಲ. ನಾಳೆ ಮತ್ತೆ ಹತ್ತುತ್ತಾರಂತೆ. ಅಂಬಿಳಿ ಚೇಚಿಯನ್ನು ಕಾಯೋಕಾಗಲ್ಲ, ಈ ಹಾಳೆಗಳ ಫೋಟೋ ತೆಗೆದು ಈಗಲೇ ಕಳಿಸ್ತಿದ್ದೀನಿ. ನೀನೇ ಮನೆಗೆ ಹೋಗು ಅಂದೆ ಅಂತ ವಾರ್ಡನ್‌ಗೆ ಸುಳ್ಳು ಹೇಳಿ ಹೊರಟಿದ್ದೀನಿ, ಕೇಳಿದ್ರೆ ಹೌದು ಅನ್ನು. ಅಪ್ಪನ ಹತ್ರ ಮಾತ್ರ ಸುಳ್ಳು ಬೇಡ. ಫೋಟೋ ನೋಡಿ ಗೊತ್ತಾಯ್ತು ಅನ್ನು ಅಂತ ಮೇಲೆ ಬರೆದದ್ದು ಬಿಟ್ಟುಬಿಡು, ನಾನೇ ಹೇಳಿದೆ ಅನ್ನು. ಇಲ್ಲಿ ಸಂಜೆ ಏಳು ಗಂಟೆ ಆದಾಗ ಕಾಲ್ ಮಾಡು. ನಾನು ಅಪ್ಪನ ಪಕ್ಕದಲ್ಲೇ ಕೂತಿರ್ತೀನಿ.