ನಿದ್ದೆಯಲ್ಲಿ ಹೇಳಿದ ದಾರಿ

ಅಪ್ಪಾ,

ನೀನಿನ್ನೂ ಎದ್ದಿಲ್ಲ, ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಅಡುಗೆ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡಿಕೊಂಡು ತಿನ್ನು. ಮಂಡಿಗೆ ಎಣ್ಣೆ ಹಚ್ಚೋದು ಮರೀಬೇಡ. ನಿನ್ನ ಬೂಟು ಹುಡುಕೋಕೆ ಅಂತ ಸ್ಟೂಲ್ ಹತ್ತಬೇಡ ಮಾರಾಯ, ಅದನ್ನ ಬೆರಳ ಹತ್ರ ಬಟ್ಟೆ ತುರುಕಿ ನಾನೇ ಹಾಕ್ಕೊಂಡು ಹೋಗಿದ್ದೀನಿ. ನಿನ್ನ ಬಣ್ಣದ ಬ್ರಷ್ಷೂ ನನ್ನ ಹತ್ರಾನೇ ಇದೆ. ಬೈಕೋ, ಪರವಾಗಿಲ್ಲ.

ಹೊಳೆ ಉಕ್ಕಿ ಬಂದು, ಕಣಿವೆಯ ಬಂಡೆಗಳ ಮೇಲೆ ದಾರಿ ತೋರಿಸೋಕೆ ನೀನು ಬಳಿದಿದ್ದ ಹಳದಿ ಗುರುತೆಲ್ಲ ಅಳಿಸಿಹೋಗಿದೆ. ಚಾರಣಕ್ಕೆ ಬಂದವರು ಕಾಡೊಳಗೆ ಸುತ್ತಿದ್ದಲ್ಲೇ ಸುತ್ತುತ್ತಿದ್ದಾರೆ. ಗುರುತು ಹಾಕೋ ಕೆಲಸ ಈಗ ನನ್ನದು, ನಿಜ. ಆದರೆ ಹಳೇ ದಾರಿ ಯಾವುದು ಅಂತ ಕೇಳಿದರೆ "ನೆನಪಿಲ್ಲ ಹೋಗೇ" ಅಂತ ಮುಖ ತಿರುಗಿಸ್ತೀಯ. ಮಧ್ಯಾಹ್ನ ಕಣ್ಣು ಮುಚ್ಚಿದ ಮೇಲೆ ಅದೇ ಬಾಯಲ್ಲಿ ಇಡೀ ದಾರಿ ಹೇಳ್ತೀಯ: ಸೀಳುಬಂಡೆ ಹತ್ರ ಎಡಕ್ಕೆ ತಿರುಗು, ಜರಿಗಿಡಗಳ ನಡುವೆ ಮೆಲ್ಲಗೆ ಇಳಿ, ನೀರಿನ ಸದ್ದು ಬಲಗಿವಿಗೆ ಇರಲಿ. ಇವತ್ತು ಅದನ್ನೇ ನಂಬಿಕೊಂಡು ಹೊರಟಿದ್ದೀನಿ. ನಗಬೇಡ.

ನಿದ್ದೆಯ ಆ ದಾರೀಲಿ ಹೊಳೆ ಬಂದ ತಕ್ಷಣ ನಿನ್ನ ಮಾತು ನಿಲ್ಲುತ್ತೆ. "ಬಾ ಪುಟ್ಟಿ, ಕೈ ಹಿಡ್ಕೋ" ಅಂತ ಮಂಚದಿಂದ ಕೈ ಚಾಚ್ತೀಯ. ದಿನಾ ನಾನು ಬಂದು ಹಿಡ್ಕೋತೀನಿ, ನಿನಗೆ ಗೊತ್ತೇ ಇಲ್ಲ. ದಾಟಿದ ಮೇಲೆ ಒಂದು ಉಸಿರು ಬಿಟ್ಟು ಸುಮ್ಮನಾಗ್ತೀಯ.

ಇವತ್ತು ಮಧ್ಯಾಹ್ನ ನೀನು ಕೈ ಚಾಚಿದಾಗ ಮಂಚದ ಪಕ್ಕ ನಾನಿರಲ್ಲ. ಗಾಬರಿ ಆಗಬೇಡ, ಆಚೆ ದಡ ನೋಡು. ಬಣ್ಣದ ಡಬ್ಬಿ ಕೆಳಗಿಟ್ಟು, ನಿನ್ನ ದೊಡ್ಡ ಬೂಟಲ್ಲಿ ನಿಂತಿರ್ತೀನಿ.

ಈ ಸಲ ನೀನು ನನ್ನ ಕೈ ಹಿಡ್ಕೋ.